ಕರಿಗೋಟು ಎಲ್ಲಿದೆ ಎಂದು ಕೇಳಿದರೆ ತೋರಿಸುವ ಮಾಡೆಲ್: ನನ್ನ ಅನುಭವ

ತಟ್ಟೆಯಲ್ಲಿ ಹರಡಿದ ಸುಲಿದ ಚಾಲಿಯ (ಒಣಗಿಸಿದ ಅಡಿಕೆಯ) ಫೋಟೋ ಕೊಟ್ಟು ‘ಕರಿಗೋಟು’ (ಕಪ್ಪಾಗಿ ಸುಕ್ಕಾದ ಅಡಿಕೆ) ಎಂದು ಬರೆದರೆ ಎಐ ಮಾಡೆಲ್ ಅಷ್ಟಕ್ಕೇ ಚೌಕ ಹಾಕುತ್ತದೆ ಎಂದಾಗ ಬದಿಯಡ್ಕದ ವ್ಯಾಪಾರಿಯೊಬ್ಬರು ನಕ್ಕಿದ್ದರು. ಈಗ ಅದು ಅವರ ಗೋದಾಮಿನಲ್ಲೇ ಓಡುತ್ತಿದೆ.

ಮೊದಲು, ಪದ ಕೊಟ್ಟರೆ ಆ ವಸ್ತುವನ್ನು ಚಿತ್ರದಲ್ಲಿ ಹುಡುಕುವ ‘ಗ್ರೌಂಡಿಂಗ್ ಡಿನೋ’ ಮಾಡೆಲನ್ನು ಇದ್ದ ಹಾಗೆಯೇ ಓಡಿಸಿದೆ. ಕನ್ನಡದಲ್ಲಿ ಕೇಳಿದರೆ ಎಲ್ಲೆಲ್ಲೋ ಚೌಕ. ಅದರಲ್ಲಿ ಪದಗಳನ್ನು ಓದುವ ಭಾಗ ಅನ್‌ಕೇಸ್ಡ್ ಬರ್ಟ್ ಎಂಬ ಇಂಗ್ಲಿಷ್ ಭಾಷಾ ಮಾಡೆಲ್. ಯುರೋಪಿನ ಅಕ್ಷರಗಳ ತಲೆಯ ಮೇಲಿನ ಚಿಹ್ನೆಗಳನ್ನು ಕೀಳುವ ಭರದಲ್ಲಿ ಅದರ ಟೋಕನೈಸರ್ (ಪದಗಳನ್ನು ತುಂಡು ಮಾಡುವ ಭಾಗ) ನಮ್ಮ ಕೆಲವು ಸ್ವರಚಿಹ್ನೆಗಳನ್ನೂ ಕಿತ್ತುಬಿಡುತ್ತದೆ. ‘ಅಡಿಕೆ’ ಒಳಗೆ ಹೋಗುವಷ್ಟರಲ್ಲಿ ‘ಅಡಕ’. ಅದರ ಜಾಗದಲ್ಲಿ ಹಲವು ಭಾಷೆ ಓದಬಲ್ಲ ಎನ್‌ಕೋಡರ್ ಕೂರಿಸಲು ಹೊರಟು ಬಾಡಿಗೆ ಜಿಪಿಯುಗೆ ಏಳೆಂಟು ಸಾವಿರ ರೂಪಾಯಿ ಸುರಿದೆ, ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಚಿತ್ರಕ್ಕೂ ಪದಕ್ಕೂ ಹೊಸದಾಗಿ ನಂಟು ಬೆಸೆಯುವಷ್ಟು ಡೇಟಾ ನಮ್ಮಂಥವರ ಬಳಿ ಎಲ್ಲಿದೆ? ಕೊನೆಗೆ ಕರಿಗೋಟು, ಪಟೋರ (ಬಿರಿದ ಅಡಿಕೆ) ಎಂಬ ಪದಗಳ ಬದಲು ಮಾಡೆಲ್‌ಗೆ ಕೊಡಲು, ಕಣ್ಣಿಗೆ ಕಾಣುವ ಗುಣದ ಇಂಗ್ಲಿಷ್ ವರ್ಣನೆಯನ್ನು ಒಂದು ಪಟ್ಟಿಯಲ್ಲಿಟ್ಟೆ: ಕಪ್ಪಾದದ್ದು, ಸುಕ್ಕಾದದ್ದು, ಬಿರಿದದ್ದು. ‘ಬಿರಿಯದ ಅಡಿಕೆ’ ಎಂದು ಮಾತ್ರ ಕೇಳಬೇಡಿ. ಬಿರಿದದ್ದನ್ನೇ ತಂದು ತೋರಿಸುತ್ತದೆ.

ಇಷ್ಟಾದರೂ, ಎಷ್ಟು ಖಾತ್ರಿಯಿದ್ದರೆ ಚೌಕ ಹಾಕಬೇಕೆಂಬ ಮಿತಿ 0.35 ಇದ್ದಾಗ ಇಡೀ ತಟ್ಟೆಗೆ ಒಂದೇ ಚೌಕ, ಏರಿಸಿದರೆ ಏನೂ ಇಲ್ಲ. ಮಾಡೆಲ್ ಫೋಟೋದ ಗಿಡ್ಡ ಬದಿಯನ್ನು 800 ಪಿಕ್ಸೆಲ್‌ಗೆ ಇಳಿಸಿದ ಮೇಲೆ ಬಿರುಕು ಉಳಿಯುವುದೆಲ್ಲಿ? ಅಂಚು ಅಂಚಿಗೆ ಅತಿಕ್ರಮಿಸುವಂತೆ ಆರು ತುಂಡು ಮಾಡಿ ಕೊಟ್ಟೆ. ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು.

ಉಳಿದರ್ಧಕ್ಕೆ ತರಬೇತಿ. ಎಂಎಂಡಿಟೆಕ್ಷನ್ ಎಂಬ ತಂತ್ರಾಂಶದಲ್ಲಿ ಸುಮಾರು ಆರುನೂರು ಫೋಟೋ. ಚೌಕ ಎಳೆದ ಇಬ್ಬರು ಕಾಲೇಜು ಹುಡುಗರಿಗೆ ಒಂಬತ್ತು ಸಾವಿರದಷ್ಟು ಹೋಯಿತು. ಒಂದೂ ಕರಿಗೋಟು ಇಲ್ಲದ ತಟ್ಟೆಗೂ ‘ಕರಿಗೋಟು’ ಎಂಬ ಪ್ರಶ್ನೆ ಹಾಕಿ, ಉತ್ತರ ಖಾಲಿ ಎಂದು ಕಲಿಸಿದ್ದೇ ದೊಡ್ಡ ತಿರುವು. ಇಂಥ ಕರಿಗೋಟಿಲ್ಲದ ತಟ್ಟೆಗಳ ಪ್ರಮಾಣ ಎಷ್ಟು, ದೀಪ ಯಾವ ಕೋನದಲ್ಲಿ ಎಂಬುದು ನನ್ನಲ್ಲೇ ಇರಲಿ. ಈಗ ನೂರು ಕರಿಗೋಟಿನಲ್ಲಿ ತೊಂಬತ್ತರ ಆಸುಪಾಸು ಸಿಗುತ್ತವೆ. ಪಟೋರದಲ್ಲಿ ಎಂಬತ್ತೂ ಕಷ್ಟ.

ನಡುವೆ ತೋಟದಲ್ಲೂ ಒಂದು ಕೈ ನೋಡಿದೆ. ‘ಎಡದಿಂದ ಎರಡನೆಯ ಮರದ ಹಣ್ಣಾದ ಗೊನೆ’ ಎಂದರೆ ಹಣ್ಣಾದ ಗೊನೆಗಳಿಗೆಲ್ಲ ಚೌಕ ಬಿತ್ತು. ಎಡವೂ ಇಲ್ಲ, ಎರಡನೆಯದೂ ಇಲ್ಲ. ಮರ ಮತ್ತು ಗೊನೆಯನ್ನು ಬೇರೆ ಬೇರೆ ಹುಡುಕಿಸಿ, ಎಣಿಕೆಯನ್ನು ನಾಲ್ಕು ಸಾಲಿನ ಪೈಥಾನ್‌ಗೆ ಬಿಟ್ಟೆ. ಮಳೆಗಾಲದ ಮಂಜಿನಲ್ಲಿ ಅದೂ ತಪ್ಪುತ್ತದೆ.