ಮಳೆಗಾಲದ ನೆಟ್‌ನಲ್ಲಿ ಕಾಫ್ಕಾ: ದೊಡ್ಡ ಜಾವಾ ಪ್ರಾಜೆಕ್ಟನ್ನು ವಿಎಸ್ ಕೋಡ್‌ಗೆ ತರುವ ಬಗೆ

ಅಪಾಚೆ ಕಾಫ್ಕಾದಂಥ (ಸಂದೇಶಗಳನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವ ವ್ಯವಸ್ಥೆ) ದೊಡ್ಡ ಪ್ರಾಜೆಕ್ಟನ್ನು ಇಳಿಸಿಕೊಂಡ ಕೂಡಲೇ ವಿಎಸ್ ಕೋಡ್ ಎಂಬ ಕೋಡ್ ಎಡಿಟರಿನಲ್ಲಿ ತೆರೆದರೆ ಪರದೆ ತುಂಬ ದೋಷ ತೋರಿಸುವ ಕೆಂಪು ಗೆರೆ ಬರುತ್ತದೆ. ಮೊದಲು ಬೇಕಾದದ್ದೆಲ್ಲ ಇಳಿಸಿಕೊಳ್ಳಬೇಕು, ಆಮೇಲೆ ಟರ್ಮಿನಲ್‌ನಲ್ಲಿ ಬಿಲ್ಡ್ ಮಾಡಬೇಕು (ಅಂದರೆ ಕೋಡನ್ನು ಓಡುವ ರೂಪಕ್ಕೆ ತರಬೇಕು), ಎಡಿಟರ್ ತೆರೆಯುವುದು ಕೊನೆಗೆ. ಆಷಾಢದ ಗಾಳಿಮಳೆಗೆ ಮರ ಬಿದ್ದು ಕರೆಂಟೂ ನೆಟ್ಟೂ ಒಟ್ಟಿಗೆ ಹೋಗುವ ತೀರ್ಥಹಳ್ಳಿ, ಹೊಸನಗರದ ಕಡೆಯವರಿಗೆ ಈ ಕ್ರಮ ಇನ್ನೂ ಮುಖ್ಯ. (ಆಜ್ಞೆಗಳನ್ನು ಇಲ್ಲಿ ಉಚ್ಚಾರಣೆಯಂತೆ ಬರೆದಿದೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಡೆಪ್ತ್, ಡೀಪನ್, ಆಫ್‌ಲೈನ್, ಸ್ಟಾಪ್, ಟೆಸ್ಟ್ಸ್ ಎಂಬ ಆಯ್ಕೆಗಳಿಗೆ ಮೊದಲು '--' ಹಾಕಿ.)

ಜಾವಾ ಕೋಡ್ ಕಂಪೈಲ್ ಮಾಡುವ ಸಲಕರಣೆಯಾದ ಜೆಡಿಕೆ 17 ಹಾಕಿಕೊಳ್ಳಿ. 2025ರಲ್ಲಿ ಬಂದ ಕಾಫ್ಕಾ 4.0ರಿಂದ ಬ್ರೋಕರ್‌ಗೆ (ಕಾಫ್ಕಾದ ಸರ್ವರ್‌ಗೆ) ಕನಿಷ್ಠ ಜಾವಾ 17 ಬೇಕು. ಜಾವಾ ಪ್ರೋಗ್ರಾಂ ಓಡಿಸಲಷ್ಟೇ ಬರುವ ಜೆಆರ್‌ಇ ಸಾಲದು. ಟರ್ಮಿನಲ್‌ನಲ್ಲಿ 'ಜಾವಾಸಿ' ಆಜ್ಞೆ ಉತ್ತರ ಕೊಡಬೇಕು. ಕೋಡ್ ಇಡುವ ಫೋಲ್ಡರಿನ ಹೆಸರಿನಲ್ಲಿ ಖಾಲಿ ಜಾಗವಾಗಲಿ ಕನ್ನಡ ಅಕ್ಷರವಾಗಲಿ ಬೇಡ, ಕೆಲವು ಸ್ಕ್ರಿಪ್ಟ್‌ಗಳು ಅಲ್ಲೇ ಮುಗ್ಗರಿಸುತ್ತವೆ. ವಿಂಡೋಸ್‌ನವರು ಅದರೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ ಬಳಸುವುದು ಒಳ್ಳೆಯದು. ಆದರೆ ಕೋಡ್ ಲಿನಕ್ಸ್ ಹೋಮ್ ಫೋಲ್ಡರಿನೊಳಗೇ ಇರಲಿ. ಸಿ ಡ್ರೈವ್‌ನಲ್ಲಿಟ್ಟರೆ ಬಿಲ್ಡ್ ತೆವಳುತ್ತದೆ.

ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಿಂದ ಪ್ರಾಜೆಕ್ಟನ್ನು ಇಳಿಸಿಕೊಳ್ಳುವ 'ಗಿಟ್ ಕ್ಲೋನ್' ಅರ್ಧಕ್ಕೆ ನಿಂತರೆ ನಿಂತಲ್ಲಿಂದ ಮುಂದುವರಿಯುವುದಿಲ್ಲ. ನೂರಕ್ಕೆ ತೊಂಬತ್ತು ಭಾಗ ಬಂದಿದ್ದರೂ ಮತ್ತೆ ಸೊನ್ನೆಯಿಂದಲೇ ಶುರು. ಹಾಗಾಗಿ 'ಡೆಪ್ತ್ 1' ಎಂದು ಕೊಟ್ಟು ಕೊನೆಯ ಕಮಿಟ್ (ದಾಖಲಾದ ಬದಲಾವಣೆ) ಮಾತ್ರ ತನ್ನಿ. ಹಳೆಯ ಇತಿಹಾಸವನ್ನು ನೆಟ್ ಚೆನ್ನಾಗಿದ್ದಾಗ 'ಗಿಟ್ ಫೆಚ್' ಜೊತೆ 'ಡೀಪನ್ 500' ಕೊಟ್ಟು ಕಂತು ಕಂತಾಗಿ ಎಳೆದುಕೊಳ್ಳಬಹುದು.

ಕಾಫ್ಕಾವನ್ನು ಬಿಲ್ಡ್ ಮಾಡುವ ಸಲಕರಣೆ ಗ್ರೇಡಲ್. ಈಗ ಪ್ರಾಜೆಕ್ಟ್ ಫೋಲ್ಡರಿನಲ್ಲಿ 'ಗ್ರೇಡಲ್‌ಡಬ್ಲ್ಯೂ ಜಾರ್' ಓಡಿಸಿ. ಕಾಫ್ಕಾದ ಗಿಟ್‌ನಲ್ಲಿ ಗ್ರೇಡಲ್ ರ‍್ಯಾಪರ್‌ನ (ಸರಿಯಾದ ಗ್ರೇಡಲ್ ಆವೃತ್ತಿಯನ್ನು ತಾನೇ ತರಿಸುವ ಪುಟ್ಟ ಪ್ರೋಗ್ರಾಂ) ಜಾರ್ ಫೈಲ್ ಇರುವುದಿಲ್ಲ, ಈ ಸ್ಕ್ರಿಪ್ಟೇ ಮೊದಲ ಸಲ ಅದನ್ನು ಇಳಿಸಿಕೊಳ್ಳುತ್ತದೆ. ಆಮೇಲೆ 'ಟೆಸ್ಟ್‌ಕ್ಲಾಸಸ್' ಟಾಸ್ಕನ್ನೂ ಮರೆಯದೆ ಓಡಿಸಿ. ಜೆಯೂನಿಟ್, ಮೊಕಿಟೊ ಮುಂತಾದ ಟೆಸ್ಟ್ ಲೈಬ್ರರಿಗಳು ಬರುವುದು ಆಗಲೇ, ಎಡಿಟರಿಗೆ ಅವೂ ಬೇಕು. ನಡುವೆ ನೆಟ್ ಹೋದರೆ ಅದೇ ಆಜ್ಞೆ ಮತ್ತೆ ಕೊಡಿ. ಪೂರ್ತಿ ಬಂದ ಲೈಬ್ರರಿಗಳು ಎರಡನೇ ಸಲ ಇಳಿಯುವುದಿಲ್ಲ. ಜಿಪ್ ಫೈಲ್ ತೆರೆಯಲಾಗುತ್ತಿಲ್ಲ ಎಂಬ ದೋಷ ಬಂದರೆ ಗ್ರೇಡಲ್‌ನ ಪ್ಯಾಕೇ ಅರ್ಧ ಇಳಿದಿರಬಹುದು. ಹೋಮ್‌ನ '.ಗ್ರೇಡಲ್' ಒಳಗೆ 'ರ‍್ಯಾಪರ್/ಡಿಸ್ಟ್ಸ್' ನೋಡಿ, ಆ ಆವೃತ್ತಿಯ ಫೋಲ್ಡರ್ ಅಳಿಸಿ, ಮತ್ತೆ ಓಡಿಸಿ.

ಮನೆಯಲ್ಲಿ ನೆಟ್ ತೀರಾ ದುರ್ಬಲವಾಗಿದ್ದರೆ ಶಿವಮೊಗ್ಗದಲ್ಲೇ ಎಲ್ಲ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಪ್ರಾಜೆಕ್ಟ್ ಫೋಲ್ಡರ್, ಹೋಮ್‌ನ '.ಗ್ರೇಡಲ್' ಒಳಗಿನ 'ರ‍್ಯಾಪರ್/ಡಿಸ್ಟ್ಸ್', 'ಕ್ಯಾಶಸ್/ಮಾಡ್ಯೂಲ್ಸ್-2' ಈ ಮೂರು ಸಾಕು. ಕೊನೆಯದರಲ್ಲಿರುವ '.ಲಾಕ್' ಫೈಲುಗಳನ್ನೂ 'ಜಿಸಿ.ಪ್ರಾಪರ್ಟೀಸ್' ಅನ್ನೂ ಬಿಟ್ಟು ನಕಲು ಮಾಡಿ. ಗ್ರೇಡಲ್ 6.1ರಿಂದ ಈ ಕ್ಯಾಶನ್ನು (ಇಳಿಸಿದ ಲೈಬ್ರರಿಗಳ ಸಂಗ್ರಹವನ್ನು) ಬೇರೆ ಯಂತ್ರಕ್ಕೆ ಹೀಗೆ ಸಾಗಿಸಬಹುದು. ಒಬ್ಬರು ಇಳಿಸಿದ್ದು ಗೆಳೆಯರ ಗುಂಪಿಗೇ ಆಗುತ್ತದೆ. ಊರಲ್ಲಿ 'ಆಫ್‌ಲೈನ್' ಆಯ್ಕೆ ಕೊಟ್ಟು ಬಿಲ್ಡ್ ಮಾಡಿ.

ಕಾಫ್ಕಾ ತನ್ನ ಗ್ರೇಡಲ್ ಡೀಮನ್‌ಗೆ (ಹಿನ್ನೆಲೆಯಲ್ಲಿ ಓಡುತ್ತಾ ಬಿಲ್ಡ್ ಮಾಡುವ ಪ್ರೋಗ್ರಾಂಗೆ) 4 ಜಿಬಿ ತನಕ ಮೆಮೊರಿ ಬಿಡುತ್ತದೆ, ಎಡಿಟರಿಗೆ ಸೇರಿಸುವ ಜಾವಾ ಎಕ್ಸ್‌ಟೆನ್ಶನ್ನಿನ ಲ್ಯಾಂಗ್ವೇಜ್ ಸರ್ವರ್ (ಕೋಡ್ ಓದಿ ದೋಷ ತೋರಿಸುವ ಭಾಗ) 2 ಜಿಬಿ ತನಕ ಹೋಗಬಹುದು. 16 ಜಿಬಿ ಇದ್ದವರಿಗೆ ಚಿಂತೆಯಿಲ್ಲ. 8 ಜಿಬಿಯವರು ಹೋಮ್‌ನ '.ಗ್ರೇಡಲ್' ಫೋಲ್ಡರಿನಲ್ಲಿ 'ಗ್ರೇಡಲ್.ಪ್ರಾಪರ್ಟೀಸ್' ಫೈಲ್ ಮಾಡಿ, ಜೆವಿಎಂ ಗರಿಷ್ಠ ಮಿತಿ 2 ಜಿಬಿ, ವರ್ಕರ್ ಸಂಖ್ಯೆ 2 ಎಂದು ಬರೆಯಲಿ. ಪ್ರಾಜೆಕ್ಟಿನ ಮಾತಿಗಿಂತ ಈ ಫೈಲಿನ ಮಾತೇ ನಡೆಯುತ್ತದೆ. ಸ್ಟ್ಯಾಕ್ ಗಾತ್ರ 4 ಎಂಬಿ ಎಂಬುದನ್ನು ಮಾತ್ರ ಬಿಡಬೇಡಿ, ಕಾಫ್ಕಾದ ಒಂದು ಭಾಗವನ್ನು ಬರೆದಿರುವ ಸ್ಕಾಲಾ ಭಾಷೆಯ ಕಂಪೈಲರಿಗೆ ಅದು ಬೇಕು. ಬಿಲ್ಡ್ ಮುಗಿದ ಮೇಲೆ 'ಗ್ರೇಡಲ್‌ಡಬ್ಲ್ಯೂ ಸ್ಟಾಪ್' ಕೊಡಿ. ಇಲ್ಲದಿದ್ದರೆ ಡೀಮನ್ ಸುಮ್ಮನೆ ಮೂರು ಗಂಟೆ ಮೆಮೊರಿ ಹಿಡಿದು ಕೂತಿರುತ್ತದೆ.

ಇನ್ನು ಎಡಿಟರ್. 'ಎಕ್ಸ್‌ಟೆನ್ಶನ್ ಪ್ಯಾಕ್ ಫಾರ್ ಜಾವಾ' ಹಾಕಿ, 'ಸೆಟಿಂಗ್ಸ್.ಗ್ರೇಡಲ್' ಇರುವ ಹೊರಗಿನ ಫೋಲ್ಡರನ್ನೇ ತೆರೆಯಿರಿ. ಒಳಗಿನ 'ಕ್ಲೈಂಟ್ಸ್' ಒಂದನ್ನೇ ತೆರೆದರೆ ಉಳಿದ ಮಾಡ್ಯೂಲುಗಳ ಸಂಬಂಧ ತಪ್ಪುತ್ತದೆ. ಸೆಟ್ಟಿಂಗ್‌ನಲ್ಲಿ ಗ್ರೇಡಲ್ ಆಫ್‌ಲೈನ್ ಆಯ್ಕೆ ಆನ್ ಮಾಡಿ, ಕೆಳಗಿನ ಪಟ್ಟಿಯಲ್ಲಿ 'ಜಾವಾ: ರೆಡಿ' ಎಂದು ಬರುವ ತನಕ ಕಾಯಿರಿ.

ಆಮೇಲೂ ಕೆಂಪು ಉಳಿದರೆ ಕ್ಲಾಸಿನ ಹೆಸರು ನೋಡಿ. 'ಫೆಚ್‌ರಿಕ್ವೆಸ್ಟ್‌ಡೇಟಾ' ಎಂಬ ಕ್ಲಾಸನ್ನು ಯಾರೂ ಕೈಯಿಂದ ಬರೆದಿಲ್ಲ. 'ಫೆಚ್‌ರಿಕ್ವೆಸ್ಟ್.ಜೇಸನ್' ಓದಿ ಬಿಲ್ಡೇ ಅದನ್ನು ಹುಟ್ಟಿಸುತ್ತದೆ. ಹೆಸರಿನ ಕೊನೆಗೆ 'ಡೇಟಾ' ಇರುವ ಇಂಥವು ಕಾಣೆಯಾದರೆ 'ಪ್ರೊಸೆಸ್‌ಮೆಸೇಜಸ್' ಟಾಸ್ಕ್ ಓಡಿಸಿ. ಬ್ರಾಂಚ್ ಬದಲಿಸಿದಾಗಲೂ ಹೀಗಾಗುತ್ತದೆ. 'ಕೋರ್' ಮಾಡ್ಯೂಲಿನ ಕಥೆ ಬೇರೆ: ಅಲ್ಲಿರುವ ಸ್ಕಾಲಾ ಕೋಡ್ ಜಾವಾ ಎಕ್ಸ್‌ಟೆನ್ಶನ್ನಿಗೆ ಅರ್ಥವಾಗದು, ಸ್ಕಾಲಾಗೆಂದೇ ಇರುವ ಮೆಟಲ್ಸ್ ಎಂಬ ಎಕ್ಸ್‌ಟೆನ್ಶನ್ ಬೇಕು. ಕ್ಲೈಂಟ್ಸ್‌ನಲ್ಲಷ್ಟೇ ಕೆಲಸವಿದ್ದರೆ ಅದರ ಗೊಡವೆ ಬೇಡ. 'ಕ್ಲೀನ್ ಜಾವಾ ಲ್ಯಾಂಗ್ವೇಜ್ ಸರ್ವರ್ ವರ್ಕ್‌ಸ್ಪೇಸ್' ಆಜ್ಞೆಗೆ ಕೊನೆಗೆ ಕೈ ಹಾಕಿ, ಇಂಪೋರ್ಟ್ ಪೂರ್ತಿ ಮೊದಲಿಂದ ಆಗಬೇಕಾಗುತ್ತದೆ.

ಬಿಲ್ಡ್ ನಡುವೆ ಕರೆಂಟ್ ಹೋಗಿ ಬಂದ ಮೇಲೆ ವಿಚಿತ್ರ ದೋಷ ಕಂಡರೆ ಪ್ರಾಜೆಕ್ಟಿನೊಳಗಿನ '.ಗ್ರೇಡಲ್' ಮತ್ತು 'ಬಿಲ್ಡ್' ಫೋಲ್ಡರುಗಳನ್ನು ಅಳಿಸಿ. ಹೋಮ್‌ನ '.ಗ್ರೇಡಲ್' ಅಳಿಸಿದರೆ ಇಳಿಸಿದ್ದೆಲ್ಲ ನೀರಲ್ಲಿ ಹೋಮ. ಗಿಟ್ ಮುನಿಸಿಕೊಂಡಿದ್ದರೆ '.ಗಿಟ್' ಒಳಗೆ 'ಇಂಡೆಕ್ಸ್.ಲಾಕ್' ಉಳಿದಿದೆಯೇ ನೋಡಿ. ಬೇರೆ ಗಿಟ್ ಕೆಲಸ ನಡೆಯುತ್ತಿಲ್ಲ ಎಂದು ಖಾತ್ರಿಯಾದರೆ ತೆಗೆಯಿರಿ.

ಪೂರ್ತಿ ಟೆಸ್ಟ್ ಓಡಿಸಲು ಹೋಗಬೇಡಿ, ಅದಕ್ಕೆ ಗಂಟೆಗಟ್ಟಲೆ ಬೇಕು. 'ಕ್ಲೈಂಟ್ಸ್:ಟೆಸ್ಟ್' ಟಾಸ್ಕಿಗೆ 'ಟೆಸ್ಟ್ಸ್ ರಿಕ್ವೆಸ್ಟ್‌ರೆಸ್ಪಾನ್ಸ್‌ಟೆಸ್ಟ್' ಎಂದು ಸೇರಿಸಿ ಅದೊಂದನ್ನೇ ಓಡಿಸಿ. ಅದು ಪಾಸಾದರೆ ಕ್ಲೈಂಟ್ಸ್‌ನಲ್ಲಿ ಕೋಡ್ ಮುಟ್ಟಲು ಶುರುಮಾಡಬಹುದು.