ಎವಿ ರಿಸೀವರ್ ಮನೆಗೆ ಬಂತು, ಚೆನ್ನಾಗಿದೆಯಾ ಅಂತ ನೋಡುವುದು ಹೇಗೆ?

ಎವಿ ರಿಸೀವರ್ ಅಂದರೆ ಟೀವಿ, ಸೆಟ್‌ಟಾಪ್ ಬಾಕ್ಸ್‌ಗಳ ಸದ್ದನ್ನು ತೆಗೆದುಕೊಂಡು ಸುತ್ತಲಿನ ಸ್ಪೀಕರ್‌ಗಳಿಗೆ ಹಂಚುವ ಆಂಪ್ಲಿಫೈಯರ್ ಪೆಟ್ಟಿಗೆ. ಅಂಗಡಿಯ ಡೆಮೋ ರೂಮಿನಲ್ಲಿ ಎಲ್ಲ ರಿಸೀವರ್‌ಗಳೂ ಚೆನ್ನಾಗಿಯೇ ಕೇಳಿಸುತ್ತವೆ. ಅಲ್ಲಿ ಗೋಡೆಗೆ ಬಟ್ಟೆ ಹೊದಿಸಿರುತ್ತಾರೆ, ಕೆಳಗೆ ಕಾರ್ಪೆಟ್ ಇರುತ್ತದೆ, ಜೋಡಿಸಿರುವ ಸ್ಪೀಕರ್‌ಗಳು ರಿಸೀವರ್‌ಗಿಂತ ದುಬಾರಿ, ಹಾಕುವುದು ಯಾವಾಗಲೂ ಒಂದು ಹೆಲಿಕಾಪ್ಟರ್ ಸೀನು. ನಮ್ಮ ಹಾಲ್‌ನಲ್ಲಿ ಕೆಳಗೆ ಟೈಲ್ಸ್, ಮೇಲೆ ಫ್ಯಾನು, ಪಕ್ಕದ ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ. ಹಾಗಾಗಿ ತೀರ್ಮಾನ ಮನೆಯಲ್ಲೇ ಆಗಬೇಕು, ಅದೂ ವಾಪಸ್ ಕೊಡುವ ಗಡುವು ಮುಗಿಯುವುದರೊಳಗೆ.

ನನ್ನ ಪ್ರಕಾರ ಈ ಪರೀಕ್ಷೆಯಲ್ಲಿ ಸೌಂಡು ಕೊನೆಗೆ ಬರಬೇಕು. ವಿಚಿತ್ರ ಅನ್ನಿಸಬಹುದು. ಆದರೆ ಮೊದಲ ವಾರ ನಮ್ಮ ಕಿವಿಗೆ ಬೀಳುವುದರಲ್ಲಿ ಬಹುಪಾಲು ಕೋಣೆಯದ್ದು, ಸ್ಪೀಕರ್‌ಗಳದ್ದು, ಸೆಟ್ಟಿಂಗ್‌ಗಳದ್ದು. ರಿಸೀವರ್‌ನ ಪಾಲು ಅದರಲ್ಲಿ ಕಡಿಮೆ. ಅದರ ನಿಜವಾದ ಗುಣ ಗೊತ್ತಾಗುವುದು ದಿನಾ ಸಂಜೆ ಯಾರೋ ಒಬ್ಬರು ಟೀವಿ ಆನ್ ಮಾಡಿದಾಗ.

ಮೊದಲು ಡಬ್ಬದ ಮೇಲಿನ ವ್ಯಾಟ್ ಲೆಕ್ಕ ಮುಗಿಸೋಣ

ಒಂದು ಕಾಲದಲ್ಲಿ ಟೇಪ್ ರೆಕಾರ್ಡರ್ ಮೇಲೆ ಪಿಎಂಪಿಒ ಅಂತ ಸಾವಿರಗಟ್ಟಲೆ ವ್ಯಾಟ್ ಅಚ್ಚು ಹಾಕುತ್ತಿದ್ದರಲ್ವಾ, ಆ ಚಟ ಪೂರ್ತಿ ಹೋಗಿಲ್ಲ, ಸ್ವಲ್ಪ ಸಭ್ಯವಾಗಿದೆ ಅಷ್ಟೇ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 150 ವ್ಯಾಟ್ ಅಂತ ಇದ್ದರೆ ಕೆಳಗಿನ ಸಣ್ಣಕ್ಷರ ಓದಿ. 6 ಓಮ್, 1 ಕಿಲೋಹರ್ಟ್ಸ್, 10 ಪರ್ಸೆಂಟ್ ಡಿಸ್ಟಾರ್ಷನ್ (ಸದ್ದು ಕೆಡುವ ಪ್ರಮಾಣ), ಒಂದೇ ಚಾನೆಲ್ ಅಂತ ಇದ್ದರೆ ಆ ನಂಬರನ್ನು ಮರೆತುಬಿಡಿ. 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, ಎರಡು ಚಾನೆಲ್ ಒಟ್ಟಿಗೆ ನಡೆದಾಗ, 0.08 ಪರ್ಸೆಂಟ್ ಡಿಸ್ಟಾರ್ಷನ್ ಅನ್ನುವಂಥ ಸಾಲಿನಲ್ಲಿ ಇರುವುದು ಲೆಕ್ಕಕ್ಕೆ ಸಿಗುವ ವ್ಯಾಟ್. ಅದೇ ಮಾಡೆಲ್‌ಗೆ ಈ ಸಾಲಿನಲ್ಲಿ 80 ಇದ್ದರೂ ಹೆದರಬೇಡಿ.

ಯಾಕೆಂದರೆ ವ್ಯಾಟ್ ದುಪ್ಪಟ್ಟಾದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ. 88 ಡೆಸಿಬಲ್ ಸೆನ್ಸಿಟಿವಿಟಿ ಇರುವ ಸಾಮಾನ್ಯ ಸ್ಪೀಕರ್‌ಗೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 88 ಡೆಸಿಬಲ್ ಬರುತ್ತದೆ. ಮನೆಯಲ್ಲಿ ನಾವು ಡೈಲಾಗ್ ಕೇಳುವುದು 65, 70ರ ಆಸುಪಾಸಿನಲ್ಲಿ. ಅಂದರೆ ಹೆಚ್ಚು ಹೊತ್ತು ರಿಸೀವರ್ ಸ್ಪೀಕರ್‌ಗೆ ಒಂದು ವ್ಯಾಟ್ ಕೂಡ ಕೊಡುತ್ತಿರುವುದಿಲ್ಲ. ಉಳಿದದ್ದು ಬೇಕಾಗುವುದು ಆ ಹೆಲಿಕಾಪ್ಟರ್ ಬಂದಾಗ.

ಇನ್ನೊಂದು ಮಾತು. ಅಮೆರಿಕದಿಂದ ವಾಪಸ್ ಬರುವವರು ಅಲ್ಲಿನ ರಿಸೀವರ್ ತರುವುದುಂಟು, ನೆಂಟರಿಗೆ ಕೊಡುವುದೂ ಉಂಟು. ಪ್ಲಗ್ ಹಾಕುವ ಮೊದಲು ಹಿಂದೆ ಬರೆದಿರುವುದನ್ನು ಓದಿ. 120 ವೋಲ್ಟ್ 60 ಹರ್ಟ್ಸ್ ಅಂತ ಮಾತ್ರ ಇದ್ದರೆ ನಮ್ಮ 230 ವೋಲ್ಟಿಗೆ ನೇರ ಹಾಕುವ ಹಾಗಿಲ್ಲ. ಪ್ಲಗ್ ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ, ವೋಲ್ಟೇಜ್ ಬದಲಿಸುವುದಿಲ್ಲ. ಸಾಕಷ್ಟು ಸಾಮರ್ಥ್ಯದ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ವಾರಂಟಿಯ ಆಸೆ ಇಟ್ಟುಕೊಳ್ಳಬಾರದು.

ಬಿಸಿ ಮತ್ತು ಕರೆಂಟು

ಟೀವಿ ಯೂನಿಟ್‌ನ ಗಾಜಿನ ಬಾಗಿಲಿನ ಹಿಂದೆ ರಿಸೀವರ್ ಚೆಂದ ಕಾಣುತ್ತದೆ, ನಿಜ. ಆದರೆ ಅದರ ಮೇಲ್ಭಾಗದ ಜಾಲರಿಯಿಂದ ಬಿಸಿ ಹೊರಗೆ ಹೋಗಬೇಕು. ಮೇಲೆ ಒಂದು ಗೇಣಿನಷ್ಟಾದರೂ ಜಾಗ ಬಿಡಿ, ಸೆಟ್‌ಟಾಪ್ ಬಾಕ್ಸನ್ನೋ ವೈಫೈ ರೂಟರನ್ನೋ ಅದರ ತಲೆ ಮೇಲೆ ಕೂರಿಸಬೇಡಿ. ಒಂದು ಪೂರ್ತಿ ಸಿನಿಮಾ ನೋಡಿ ಮುಗಿಸಿದ ಮೇಲೆ ಮುಚ್ಚಳದ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸಹಜ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಜಾಗ ಬದಲಿಸಿ ಮತ್ತೆ ನೋಡಿ. ಕಲಬುರಗಿ, ರಾಯಚೂರಿನ ಕಡೆಯವರು ಈ ಪರೀಕ್ಷೆಯನ್ನು ಬೇಸಿಗೆಯ ಮಧ್ಯಾಹ್ನ ಇನ್ನೊಮ್ಮೆ ಮಾಡುವುದು ಒಳ್ಳೆಯದು.

ಸಿನಿಮಾ ಮಧ್ಯೆ ತಾನಾಗೇ ಆಫ್ ಆದರೆ ಅದು ಪ್ರೊಟೆಕ್ಷನ್. ಕಾರಣ ಬಿಸಿ ಇರಬಹುದು, ಅಥವಾ ಹಿಂದೆ ಸ್ಪೀಕರ್ ವೈರಿನ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗುತ್ತಿರಬಹುದು. ಎರಡೂ ಇಲ್ಲದೆ ಆಫ್ ಆಗುತ್ತಿದ್ದರೆ ಅಂಗಡಿಗೆ ಫೋನ್ ಮಾಡುವ ಹೊತ್ತು ಬಂತು ಅಂತ ತಿಳಿಯಿರಿ.

ಕರೆಂಟ್ ಹೋಗಿ ಬರುವುದನ್ನೂ ಸುಮ್ನೆ ಒಮ್ಮೆ ನಡೆಸಿ ನೋಡಿ, ಸಾಧನ ಸ್ಟ್ಯಾಂಡ್‌ಬೈನಲ್ಲಿದ್ದಾಗ ಮೇನ್ ಸ್ವಿಚ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಸಾಕು. ಹಾಕಿಟ್ಟ ಸೆಟ್ಟಿಂಗ್‌ಗಳೆಲ್ಲ ಹಾಗೇ ಇರಬೇಕು. ಇನ್ವರ್ಟರ್ ಮೇಲೆ ಓಡಿಸುವವರು ಅದು ಸೈನ್ ವೇವ್ ಹೌದೋ ಅಲ್ಲವೋ ನೋಡಿಕೊಳ್ಳಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಝುಂಯ್ ಅನ್ನುವ ಸದ್ದು ಬಂದರೆ ರಿಸೀವರನ್ನು ಬೈಯಬೇಡಿ.

ಇನ್ನು ಮಾಮೂಲಿ ಕರೆಂಟಿನಲ್ಲೇ ಸ್ಪೀಕರ್‌ಗಳಿಂದ ಹಮ್ ಬರುತ್ತಿದ್ದರೆ? ಮೊದಲು ಸೆಟ್‌ಟಾಪ್ ಬಾಕ್ಸಿನ ಹಿಂದಿನ ಡಿಶ್ ಅಥವಾ ಕೇಬಲ್ ವೈರ್ ಬಿಚ್ಚಿ ನೋಡಿ. ಹಮ್ ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಎರಡು ಕಡೆ ಅರ್ತ್ ಆಗಿ ವೈರುಗಳಲ್ಲಿ ಸುತ್ತುವ ಕರೆಂಟು, ಸಾಧನದ ತಪ್ಪಲ್ಲ. ಹಮ್ ಹೋಗಲಿ ಅಂತ ಅರ್ತ್ ಪಿನ್ ಕಿತ್ತು ಹಾಕುವವರಿದ್ದಾರೆ. ದಯವಿಟ್ಟು ಬೇಡ, ಅದು ಪ್ರಾಣಕ್ಕೆ ಅಪಾಯ.

ಎಚ್‌ಡಿಎಂಐ ಅನ್ನುವ ತಲೆನೋವು

ಚಿತ್ರ, ಸದ್ದು ಎರಡನ್ನೂ ಒಂದೇ ಕೇಬಲ್‌ನಲ್ಲಿ ಸಾಗಿಸುವ ಜೋಡಣೆ ಇದು, ಹೆಚ್ಚಿನ ರಿಸೀವರ್‌ಗಳ ಮಾನ ಹೋಗುವುದು ಇಲ್ಲಿ. ಟೀವಿಯ ಸದ್ದು ಒಂದೇ ವೈರಿನಲ್ಲಿ ರಿಸೀವರ್‌ಗೆ ವಾಪಸ್ ಬರುವ ಎಆರ್‌ಸಿ ವ್ಯವಸ್ಥೆ 2009ರ ಎಚ್‌ಡಿಎಂಐ 1.4 ಜೊತೆ ಬಂತು. ಹೆಚ್ಚು ಸದ್ದಿನ ಮಾಹಿತಿ ಸಾಗಿಸುವ ಅದರ ದೊಡ್ಡಣ್ಣ ಇ-ಎಆರ್‌ಸಿ 2017ರ 2.1 ಜೊತೆ ಬಂತು. ಕಾಗದದ ಮೇಲೆ ಎಲ್ಲ ಸರಿ. ಮನೆಯಲ್ಲಿ ನೋಡಬೇಕಾದದ್ದು ಬೇರೆ: ಟೀವಿ ರಿಮೋಟ್‌ನಲ್ಲಿ ವಾಲ್ಯೂಮ್ ಒತ್ತಿದರೆ ರಿಸೀವರ್ ಕೇಳುತ್ತದಾ, ಟೀವಿ ಆಫ್ ಮಾಡಿದರೆ ಅದೂ ಮಲಗುತ್ತದಾ, ಸೆಟ್‌ಟಾಪ್ ಬಾಕ್ಸ್‌ನಿಂದ ಓಟಿಟಿಗೆ ಹೋಗಿ ಮತ್ತೆ ವಾಪಸ್ ಬಂದಾಗ ಸದ್ದು ಬರಲು ಎಷ್ಟು ಹೊತ್ತು ಹಿಡಿಯುತ್ತದೆ, ಆ ಮಧ್ಯೆ ಪರದೆ ಕಪ್ಪಾಗಿ ನಿಲ್ಲುತ್ತದಾ. ಎಡವಟ್ಟಾದರೆ ಮೊದಲು ಕೇಬಲ್ ಬದಲಿಸಿ ನೋಡಿ, ಆಮೇಲೆ ಟೀವಿ, ರಿಸೀವರ್ ಎರಡರ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ. ಅಪ್‌ಡೇಟ್‌ಗೆ ಮೊದಲು ಸೆಟ್ಟಿಂಗ್ ಪುಟಗಳ ಫೋಟೊ ತೆಗೆದಿಡಿ, ಕೆಲವು ಸಲ ಎಲ್ಲ ಅಳಿಸಿಹೋಗುತ್ತವೆ.

ಸಿನಿಮಾ ಓಡುವಾಗ ರಿಮೋಟಿನ ಇನ್ಫೋ ಬಟನ್ ಒತ್ತಿ. ಡಾಲ್ಬಿ ಅಟ್ಮಾಸ್ (ತಲೆ ಮೇಲಿನಿಂದಲೂ ಸದ್ದು ಬರುವ ಸರೌಂಡ್) ಅಂತಲೋ ಡಾಲ್ಬಿ ಡಿಜಿಟಲ್ ಪ್ಲಸ್ ಅಂತಲೋ ಬಂದರೆ ಸರಿ. ಪಿಸಿಎಂ 2 ಚಾನೆಲ್ ಅಂತ ಬಂದರೆ ಟೀವಿ ಸದ್ದನ್ನೆಲ್ಲ ಹಿಂಡಿ ಬರೀ ಸ್ಟೀರಿಯೋ ಮಾಡಿ ಕಳಿಸುತ್ತಿದೆ ಎಂದರ್ಥ. ಟೀವಿಯ ಸೌಂಡ್ ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ ಹುಡುಕಿ, ಅದನ್ನು ಪಾಸ್ ಥ್ರೂ ಅಥವಾ ಬಿಟ್‌ಸ್ಟ್ರೀಮ್ ಮಾಡಿ. ಹಿಂದಿನ ಸ್ಪೀಕರ್‌ಗಳು ಸತ್ತೇ ಹೋಗಿವೆ ಅನ್ನುವ ದೂರುಗಳಲ್ಲಿ ಎಷ್ಟೋ ಇಷ್ಟಕ್ಕೇ ಪರಿಹಾರವಾಗುತ್ತವೆ. ಓಟಿಟಿಯ ಅಟ್ಮಾಸ್ ಬರುವುದು ಡಾಲ್ಬಿ ಡಿಜಿಟಲ್ ಪ್ಲಸ್ ಮೇಲೆ, ಅದಕ್ಕೆ ಸಾಮಾನ್ಯ ಎಆರ್‌ಸಿ ಕೂಡ ಸಾಲಬಹುದು, ಟೀವಿ ಒಪ್ಪಬೇಕಷ್ಟೆ. ಬ್ಲೂ-ರೇ ಡಿಸ್ಕಿನ ಟ್ರೂಎಚ್‌ಡಿ ಅನ್ನುವ ಗುಣ ಕುಗ್ಗಿಸದ ಸದ್ದಿಗೆ ಇ-ಎಆರ್‌ಸಿ ಬೇಕು, ಇಲ್ಲವೇ ಪ್ಲೇಯರನ್ನು ನೇರವಾಗಿ ರಿಸೀವರ್‌ಗೆ ಜೋಡಿಸಿ.

ಗೇಮ್ ಆಡುವ ಮಕ್ಕಳಿರುವ ಮನೆಯಲ್ಲಿ 4ಕೆ 120 ಹರ್ಟ್ಸ್ ಹಾಕಿ ನೋಡಲೇಬೇಕು. 2020ರಲ್ಲಿ ಬಂದ ಕೆಲವು ರಿಸೀವರ್‌ಗಳಲ್ಲಿ 8ಕೆ ಅಂತ ಬರೆದ ಪೋರ್ಟುಗಳೇ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನ 4ಕೆ 120ಕ್ಕೆ ಕಪ್ಪು ಪರದೆ ತೋರಿಸಿದ್ದವು. ಹಳೆಯ ಮಾಡೆಲ್ ಸೆಕೆಂಡ್‌ಹ್ಯಾಂಡ್ ತೆಗೆದುಕೊಂಡವರು ಇದನ್ನು ನೆನಪಿಡಿ.

ತುಟಿ ಒಂದು ಕಡೆ ಮಾತು ಒಂದು ಕಡೆ ಆಗುತ್ತಿದ್ದರೆ ಆಡಿಯೋ ಡಿಲೇ ಅಥವಾ ಲಿಪ್ ಸಿಂಕ್ ಅನ್ನುವ ಸೆಟ್ಟಿಂಗ್ ಇದೆ. ವಾರ್ತೆ ಓದುವವರ ಮುಖ ನೋಡಿಕೊಂಡು ಸರಿಮಾಡಿ. ಡಬ್ ಆದ ಸಿನಿಮಾ ಹಾಕಿ ಮಾಡಬೇಡಿ ಮತ್ತೆ!

ಮೈಕ್ ಇಟ್ಟು ಅಳೆಯುವುದು

ಡೆನಾನ್, ಮರಾಂಟ್ಜ್‌ನಲ್ಲಿ ಆಡಿಸ್ಸಿ, ಯಮಾಹಾದಲ್ಲಿ ವೈಪಿಎಒ, ಪಯೋನಿಯರ್‌ನಲ್ಲಿ ಎಂಸಿಎಸಿಸಿ, ಕೆಲವು ಆಂಕ್ಯೋ ಮಾಡೆಲ್‌ಗಳಲ್ಲಿ ಡಿರಾಕ್ ಲೈವ್. ಹೆಸರು ಯಾವುದೇ ಇರಲಿ, ಕೆಲಸ ಒಂದೇ. ಡಬ್ಬದಲ್ಲಿ ಬಂದ ಮೈಕನ್ನು ನೀವು ಕೂರುವ ಜಾಗದಲ್ಲಿ ಇಟ್ಟರೆ ರಿಸೀವರ್ ಸದ್ದು ಕಳಿಸಿ, ಸ್ಪೀಕರ್‌ಗಳ ದೂರ, ಮಟ್ಟ, ಸ್ವರದ ಏರುಪೇರು ಅಳೆದುಕೊಳ್ಳುತ್ತದೆ. ರಾತ್ರಿ ಮಾಡಿ. ಫ್ಯಾನ್ ಆಫ್, ಫ್ರಿಜ್ ಆಫ್, ಎಲ್ಲರೂ ರೂಮಿನಿಂದ ಆಚೆ. ಮೈಕನ್ನು ಸೋಫಾ ಬೆನ್ನಿಗೆ ಒರಗಿಸದೆ ಕಿವಿಯ ಎತ್ತರಕ್ಕೆ ಕ್ಯಾಮೆರಾ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಮುಗಿದ ಮೇಲೆ ಫ್ರಿಜ್ ಮತ್ತೆ ಆನ್ ಮಾಡುವುದನ್ನು ಮರೆತರೆ ಬೆಳಿಗ್ಗೆ ಹಾಲಿನ ಲೆಕ್ಕ ಕೊಡಬೇಕಾಗುತ್ತದೆ.

ಫಲಿತಾಂಶವನ್ನು ಕಣ್ಣುಮುಚ್ಚಿ ಒಪ್ಪಬೇಡಿ. ಟೇಪ್ ಹಿಡಿದು ದೂರ ಹೋಲಿಸಿ. ಮುಂದಿನ, ಪಕ್ಕದ ಸ್ಪೀಕರ್‌ಗಳ ದೂರ ಹೆಚ್ಚುಕಡಿಮೆ ಹೊಂದಬೇಕು. ಬಾಸ್‌ಗೆಂದೇ ಇರುವ ಸಬ್‌ವೂಫರ್‌ದು (ಸಬ್) ಮಾತ್ರ ಇರುವುದಕ್ಕಿಂತ ಜಾಸ್ತಿ ತೋರಿಸಿದರೆ ತಿದ್ದಲು ಹೋಗಬೇಡಿ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಸಬ್ ಒಳಗಿನ ಸರ್ಕ್ಯೂಟ್ 5 ಮಿಲಿಸೆಕೆಂಡ್ ತಡ ಮಾಡಿದರೆ ರಿಸೀವರ್ ಅದನ್ನು 1.7 ಮೀಟರ್ ಹೆಚ್ಚಿನ ದೂರ ಅಂತಲೇ ಲೆಕ್ಕ ಹಾಕುತ್ತದೆ, ಹಾಕಲೇಬೇಕು. ಸ್ಪೀಕರ್ ಸೈಜ್ ಲಾರ್ಜ್ ಅಂತ ಬಂದಿದ್ದರೆ, ಮನೆಯಲ್ಲಿ ಸಬ್ ಇದೆ ಅಂತಾದರೆ, ಸ್ಮಾಲ್ ಮಾಡಿ ಕ್ರಾಸ್‌ಓವರ್ (ಇದಕ್ಕಿಂತ ಕೆಳಗಿನ ಸ್ವರ ಸಬ್‌ಗೆ ಹೋಗುವ ಗಡಿ) 80 ಹರ್ಟ್ಸ್‌ಗೆ ಇಡಿ. ಆಗ ಭಾರದ ಬಾಸ್ ಹೊರುವ ಕೆಲಸ ಸಬ್‌ಗೆ ಹೋಗುತ್ತದೆ, ರಿಸೀವರ್‌ಗೆ ಉಸಿರಾಡಲು ಜಾಗ ಸಿಗುತ್ತದೆ. ಸ್ಪೀಕರ್ ಫೇಸ್ ತಪ್ಪಿದೆ ಅಂತ ಎಚ್ಚರಿಸಿದರೆ ಕೆಂಪು, ಕಪ್ಪು ವೈರ್ ಅದಲುಬದಲಾಗಿದೆಯಾ ನೋಡಿ. ಸರಿಯಾಗಿದ್ದರೂ ಎಚ್ಚರಿಕೆ ಬರುವುದುಂಟು, ಆಗ ಮುಂದೆ ಹೋಗಿ.

ಕ್ಯಾಲಿಬ್ರೇಷನ್ ಕೋಣೆಯನ್ನು ಬದಲಿಸುವುದಿಲ್ಲ. ಸೋಫಾದಲ್ಲಿ ಕೂತು ಒಂದು ಚಪ್ಪಾಳೆ ತಟ್ಟಿ. ಟಣಟಣ ಅಂತ ಬಾಲ ಬಂದರೆ ಅದು ಬರಿಗೋಡೆ, ಬರಿನೆಲದ ಸದ್ದು. ಒಂದು ದಪ್ಪ ಜಮಖಾನ, ಕಿಟಕಿಗೆ ಭಾರದ ಪರದೆ, ಒಂದು ಪುಸ್ತಕದ ಕಪಾಟು, ಇಷ್ಟರಿಂದ ಆಗುವ ಬದಲಾವಣೆ ಇನ್ನೂ ಒಂದು ಮೆಟ್ಟಿಲು ಮೇಲಿನ ರಿಸೀವರ್ ತಂದರೂ ಆಗುವುದಿಲ್ಲ. ಅಟ್ಮಾಸ್‌ಗಾಗಿ ಮೇಲಕ್ಕೆ ಸದ್ದು ಎಸೆಯುವ ಸ್ಪೀಕರ್ ಇಟ್ಟವರಿಗೆ ಆರ್‌ಸಿಸಿ ಚಾವಣಿ ವರವೇ ಸರಿ, ಏಳೂವರೆಯಿಂದ ಹನ್ನೆರಡು ಅಡಿ ಎತ್ತರದ ಚಪ್ಪಟೆ ಚಾವಣಿ ಬೇಕು ಅನ್ನುತ್ತದೆ ಡಾಲ್ಬಿ. ಇಳಿಜಾರಿನ ಮಂಗಳೂರು ಹೆಂಚಿನ ಮನೆಯಲ್ಲಿ ಆ ಸದ್ದು ನಿಮ್ಮ ಕಡೆ ಸರಿಯಾಗಿ ವಾಪಸ್ ಬರುವುದಿಲ್ಲ. ಮಳೆ ಸೀನಿಗೆ ಮಳೆಗಾಲ ಇದೆಯಲ್ಲ!

ಈಗ ಕೇಳಿ

ಎರಡು ಸೆಟ್ಟಿಂಗ್ ಹೋಲಿಸುವಾಗ ಸದ್ದಿನ ಮಟ್ಟ ಸಮ ಇರಬೇಕು. ಅರ್ಧ, ಒಂದು ಡೆಸಿಬಲ್ ಜೋರಾಗಿದ್ದರೂ ಸಾಕು, ಅದೇ ಚೆನ್ನಾಗಿದೆ ಅಂತ ಕಿವಿ ವೋಟು ಹಾಕುತ್ತದೆ. ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿ, ಅದರ ನಂಬರ್ ಪಕ್ಕಾ ಅಲ್ಲದಿದ್ದರೂ ಎರಡರ ನಡುವಿನ ವ್ಯತ್ಯಾಸ ನೋಡಲು ಸಾಕು. ಒಂದೇ ಸಣ್ಣ ತುಣುಕನ್ನು ಮತ್ತೆ ಮತ್ತೆ ಹಾಕಿ, ಬಟನ್ ಒತ್ತುವ ಕೆಲಸ ಬೇರೆಯವರಿಗೆ ಕೊಡಿ, ನೀವು ಡಿಸ್‌ಪ್ಲೇ ನೋಡಬೇಡಿ.

ಏನು ಹಾಕಬೇಕು? ನಿಜವಾದ ಸದ್ದು ನಿಮಗೆ ಗೊತ್ತಿರುವುದನ್ನು. ಯಕ್ಷಗಾನ ನೋಡಿ ಬೆಳೆದವರಿಗೆ ಚೆಂಡೆಗಿಂತ ಒಳ್ಳೆಯ ಪರೀಕ್ಷೆ ಇಲ್ಲ. ಪೆಟ್ಟು ಚಕ್ಕನೆ ಬಂದು ಚಕ್ಕನೆ ನಿಲ್ಲಬೇಕು. ಕಚೇರಿ ಕೇಳುವವರು ಮೃದಂಗದ ಎಡಭಾಗ ಗಮನಿಸಿ, ಅದರ ಗುಂಕಾರ ಸಬ್ ಇಟ್ಟ ಮೂಲೆಯಿಂದ ಬಂದ ಹಾಗೆ ಕೇಳಿಸಬಾರದು, ಮೃದಂಗದಿಂದಲೇ ಬರಬೇಕು. ಮೂಲೆಯಿಂದ ಬರುತ್ತಿದ್ದರೆ ಸಬ್‌ನ ಮಟ್ಟ ತಗ್ಗಿಸಿ, ಜಾಗ ಬದಲಿಸಿ. ಹಳೆಯ ಮೋನೋ ಹಾಡುಗಳನ್ನು ಡಾಲ್ಬಿ ಸರೌಂಡ್ ಮೋಡ್‌ನಲ್ಲಿ ಹಾಕಿದರೆ ಎಲ್ಲ ಸೆಂಟರ್ ಸ್ಪೀಕರ್‌ಗೇ ಹೋಗಿ ಕೂರುತ್ತದೆ, ಅದು ದೋಷವಲ್ಲ. ಅಂಥವನ್ನು ಸ್ಟೀರಿಯೋದಲ್ಲೇ ಕೇಳಿ.

ನನ್ನ ಮುಖ್ಯ ಪರೀಕ್ಷೆ ಮಾತ್ರ ಜೋರಾದ ಸದ್ದಿನದಲ್ಲ. ರಾತ್ರಿ ಹತ್ತೂವರೆ, ಪಕ್ಕದ ರೂಮಿನಲ್ಲಿ ಮಗು ಮಲಗಿದೆ, ಫ್ಯಾನ್ ತಿರುಗುತ್ತಿದೆ, ಸಣ್ಣ ವಾಲ್ಯೂಮಿನಲ್ಲಿ ಪಿಸುಮಾತಿನ ಸೀನು ಸಬ್‌ಟೈಟಲ್ ಇಲ್ಲದೆ ಅರ್ಥವಾಗುತ್ತದಾ? ಆಗದಿದ್ದರೆ ಸೆಂಟರ್ ಸ್ಪೀಕರ್ ಮಟ್ಟ 2, 3 ಡೆಸಿಬಲ್ ಏರಿಸಿ, ಜೋರು ಸದ್ದಿಗೂ ಸಣ್ಣ ಸದ್ದಿಗೂ ಇರುವ ಅಂತರ ಕಡಿಮೆ ಮಾಡುವ ಡೈನಮಿಕ್ ರೇಂಜ್ ಕಂಪ್ರೆಷನ್ ಅಥವಾ ನೈಟ್ ಮೋಡ್ ಹಾಕಿ. ಅದನ್ನು ಹಾಕಿದರೆ ಸಿನಿಮಾದ ಮರ್ಯಾದೆ ಹೋಗುತ್ತದೆ ಅನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ, ಅವರಿಗೆ ಬೇರೆ ಥಿಯೇಟರ್ ರೂಮ್ ಇರುತ್ತದೆ.

ವಾಲ್ಯೂಮ್ ನಂಬರನ್ನೂ ನೋಡಿಕೊಳ್ಳಿ. ಕ್ಯಾಲಿಬ್ರೇಷನ್ ಆದ ರಿಸೀವರ್‌ನಲ್ಲಿ 0 ಡೆಸಿಬಲ್ ಅಂದರೆ ಸಿನಿಮಾ ಥಿಯೇಟರಿನ ರೆಫರೆನ್ಸ್ ಮಟ್ಟ. ಅಲ್ಲಿ ಒಂದೊಂದು ಸ್ಪೀಕರ್ 105 ಡೆಸಿಬಲ್‌ವರೆಗೆ, ಸಬ್ 115ರವರೆಗೆ ಜಿಗಿಯಬಹುದು. ಮನೆಯಲ್ಲಿ ಮೈನಸ್ 20, 25 ಸಾಮಾನ್ಯವಾಗಿ ಧಾರಾಳ. ಮಾಮೂಲಿ ಸಿನಿಮಾಕ್ಕೇ ಸೊನ್ನೆ ಹತ್ತಿರ ಹೋಗಬೇಕಾಗುತ್ತಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ, ಕ್ಯಾಲಿಬ್ರೇಷನ್ ಮತ್ತೆ ಮಾಡಿ.

ಇಷ್ಟಾದ ಮೇಲೆ ರಿಮೋಟನ್ನು ಮನೆಯಲ್ಲಿ ಯಾರಿಗಾದರೂ ಕೊಟ್ಟು ಏನೂ ಹೇಳಿಕೊಡದೆ ಸುಮ್ಮನಿರಿ. ಇನ್‌ಪುಟ್‌ಗಳಿಗೆ ಮೀಡಿಯಾ 1, ಮೀಡಿಯಾ 2 ಅನ್ನುವುದರ ಬದಲು ಡಿಶ್, ಗೇಮ್ ಅಂತ ಹೆಸರು ಬದಲಿಸಿಟ್ಟಿದ್ದರೆ ಅರ್ಧ ಜಗಳ ಕಡಿಮೆ.

ವಾಪಸ್ ಕೊಡಬೇಕಾ?

ಒಂದು ಕಡೆಯ ಸ್ಪೀಕರ್ ಸಣ್ಣಗೆ ಕೇಳಿಸುತ್ತಿದೆ ಅನ್ನಿ. ರಿಸೀವರ್ ಆಫ್ ಮಾಡಿ, ಹಿಂದೆ ಎಡ, ಬಲ ಸ್ಪೀಕರ್ ವೈರ್‌ಗಳನ್ನು ಅದಲುಬದಲು ಮಾಡಿ. ದೋಷ ಇನ್ನೊಂದು ಸ್ಪೀಕರ್‌ಗೆ ದಾಟಿದರೆ ರಿಸೀವರ್ ಅಥವಾ ಅದಕ್ಕೆ ಮೊದಲಿನ ಸಾಧನದ ಕಡೆ ಬೆರಳು ತೋರಿಸಿ. ಅದೇ ಸ್ಪೀಕರ್‌ನಲ್ಲೇ ಉಳಿದರೆ ಸ್ಪೀಕರ್ ಅಥವಾ ವೈರ್ ಹಾಳು. ಎಲ್ಲ ಇನ್‌ಪುಟ್ ಬಿಚ್ಚಿದ ಮೇಲೂ ಉಳಿಯುವ ಹಮ್, ಗಾಳಿಯಾಡುವ ಜಾಗದಲ್ಲೂ ಆಫ್ ಆಗುವುದು, ಬೇರೆ ಕೇಬಲ್ ಹಾಕಿ ಅಪ್‌ಡೇಟ್ ಮಾಡಿದ ಮೇಲೂ ಚಿತ್ರ ಕಡಿದುಹೋಗುವುದು, ಇವು ವಾಪಸ್ ಕೊಡಲು ಸಾಕಾದ ಕಾರಣಗಳು. ಬಾಸ್ ಕಡಿಮೆ, ಡೈಲಾಗ್ ಮಬ್ಬು, ಹಿಂದಿನ ಸ್ಪೀಕರ್ ಕೇಳಿಸುವುದಿಲ್ಲ ಅನ್ನುವವು ಬಹುತೇಕ ಅಲ್ಲ. ದೋಷ ಕಂಡಾಗ ಡಿಸ್‌ಪ್ಲೇ ಸಮೇತ ಫೋನಿನಲ್ಲಿ ವಿಡಿಯೋ ಮಾಡಿಡಿ, ಸರ್ವಿಸ್‌ನವರು ಬಂದಾಗ ಸಾಧನ ಒಳ್ಳೆ ಹುಡುಗನ ಹಾಗೆ ಕೂತಿರುತ್ತದೆ. ಡಬ್ಬ, ಥರ್ಮೋಕೋಲ್ ಎರಡನ್ನೂ ಗಡುವು ಮುಗಿಯುವವರೆಗೆ ಅಟ್ಟದ ಮೇಲೆ ಇಡಿ, ಮೈಕನ್ನು ಮಾತ್ರ ಕೈಗೆ ಸಿಗುವ ಕಡೆ ಇಟ್ಟುಕೊಳ್ಳಿ, ಸೋಫಾ ಸರಿಸಿದಾಗಲೆಲ್ಲ ಮತ್ತೆ ಬೇಕಾಗುತ್ತದೆ.