‘ಬಂತು’ ಅಳಿಸಿ ‘ಬಂದಳು’ ಬರೆಯಿರಿ: ಮಕ್ಕಳಿಗೆ ಅಲಂಕಾರ ಕಲಿಸುವ ಬಗೆ

ಮಂಡ್ಯದ ಹತ್ತಿರದ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ನಾನು ಕನ್ನಡ ಹೇಳಿಕೊಡುತ್ತೇನೆ. ಮೊದಲ ಕೆಲವು ವರ್ಷ ಅಲಂಕಾರದ ಪಾಠವನ್ನು ಲಕ್ಷಣದಿಂದಲೇ ಶುರು ಮಾಡುತ್ತಿದ್ದೆ. ಉಪಮೇಯ (ಯಾವುದನ್ನು ಹೋಲಿಸುತ್ತೇವೋ ಅದು), ಉಪಮಾನ (ಯಾವುದಕ್ಕೆ ಹೋಲಿಸುತ್ತೇವೋ ಅದು), ಉಪಮಾವಾಚಕ (‘ಅಂತೆ’ಯಂಥ ಹೋಲಿಕೆಯ ಪದ), ಸಮಾನಧರ್ಮ (ಎರಡಕ್ಕೂ ಇರುವ ಗುಣ). ಮಕ್ಕಳು ನಾಲ್ಕನ್ನೂ ಗಟ್ಟಿ ಮಾಡಿ ಒಪ್ಪಿಸುತ್ತಿದ್ದರು. ಸ್ವಂತದ್ದೊಂದು ಹೋಲಿಕೆ ಹೇಳಿ ಅಂದರೆ ತಲೆ ತಗ್ಗಿಸುತ್ತಿದ್ದರು. ನನಗೆ ಬೇಸರವಾಗುತ್ತಿತ್ತು. ಮನೆಯಲ್ಲಿ ‘ಕಾವೇರಮ್ಮ ಬಂದ್ಳು’ ಅನ್ನುವ ಮಕ್ಕಳೇ ಅಲ್ವಾ ಇವರು?

ಈಗ ಅಲ್ಲಿಂದಲೇ ಶುರು. ಬೋರ್ಡಿನ ಮೇಲೆ ‘ನಾಲೆಗೆ ನೀರು ಬಂತು’ ಎಂದು ಬರೆಯಿರಿ. ಕೆಳಗೆ ‘ನಾಲೆಗೆ ಕಾವೇರಿ ಬಂದಳು’. ಏನು ಬದಲಾಯಿತು ಅಂತ ಕೇಳಿ ಸುಮ್ನೆ ನಿಲ್ಲಿ. ‘ಮಿಸ್, ಎರಡನೇದರಲ್ಲಿ ಯಾರೋ ನಡ್ಕೊಂಡು ಬಂದಂಗಿದೆ’ ಅಂತ ಒಬ್ಬರಾದರೂ ಹೇಳುತ್ತಾರೆ. ಕನ್ನಡದಲ್ಲಿ ಜೀವವಿಲ್ಲದ ವಸ್ತುವಿಗೆ ನಪುಂಸಕಲಿಂಗ. ಕ್ರಿಯಾಪದದ ಕೊನೆ ಬದಲಾದರೆ ಸಾಕು, ನೀರು ಹೆಣ್ಣಾಗುತ್ತಾಳೆ. ಮಾನವೀಕರಣ ಎಂಬ ಹೆಸರು ಆಮೇಲೆ ಹೇಳಿದರಾಯಿತು.

ಇಲ್ಲೊಂದು ತೊಡಕಿದೆ. ‘ಸೂರ್ಯ ಮುಳುಗಿದ’ ಎಂದು ದಿನವೂ ಅನ್ನುತ್ತೇವೆ. ಅಲ್ಲೂ ಪುಲ್ಲಿಂಗವಿದೆ, ಆದರೆ ಅದು ಮಾತಿನ ರೂಢಿ. ‘ಸೂರ್ಯ ದಣಿದು ಬದುವಿನ ಮೇಲೆ ಕೂತ’ ಅಂದಾಗ ಅವನು ಗದ್ದೆಯ ಆಳಾಗುತ್ತಾನೆ. ಈ ಎರಡನ್ನೂ ಪಕ್ಕಪಕ್ಕ ಬರೆದು ತೋರಿಸಿ.

ಮರುದಿನ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ. ನಮಗೆ ಆಲೆಮನೆ ಹತ್ತಿರ. ನಿಮಗೆ ಬಸ್ ಸ್ಟ್ಯಾಂಡ್ ಹತ್ತಿರವಿದ್ದರೆ ಅದೂ ಆದೀತು. ಬರೆಯಿಸಬೇಡಿ, ನೋಡಲು ಬಿಡಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ಸದ್ದು ಕೇಳಿಸಿಕೊಂಡ ಹುಡುಗನೊಬ್ಬ ಮರಳಿ ಬಂದು ಬರೆದ:

ಕೊಪ್ಪರಿಗೆ ಅಜ್ಜಿ ಗೊಣಗುತ್ತಾಳೆ,
ಬೆಲ್ಲ ಮಾತ್ರ ಸಿಹಿ ಕೊಡುತ್ತಾಳೆ.

ಎಲ್ಲರೂ ಹೀಗೆ ಬರೆಯುವುದಿಲ್ಲ. ಜಾಸ್ತಿ ಬರುವುದು ‘ಹೂವು ನಗುತ್ತಿದೆ, ಮರ ಅಳುತ್ತಿದೆ’. ತಪ್ಪು ಅನ್ನಬೇಡಿ. ‘ನಗು ಎಲ್ಲಿ ಕಾಣಿಸಿತು?’ ಎಂದು ಒಂದೇ ಪ್ರಶ್ನೆ ಕೇಳಿ. ‘ಕಬ್ಬಿನ ಗದ್ದೆ ನಗುತ್ತಿದೆ’ ಎಂದು ಬರೆದಿದ್ದ ಹುಡುಗಿ ಈ ಪ್ರಶ್ನೆ ಕೇಳಿ ಕಿಟಕಿಯಾಚೆ ನೋಡಿದಳು. ಕಬ್ಬಿಗೆ ಬಿಳಿ ಸೂಲಂಗಿ, ಅಂದರೆ ಹೂವಿನ ತೆನೆ, ಬಂದಿತ್ತು. ಸಾಲು ಹೊಡೆದು ಹಾಕಿ ‘ನರೆಗೂದಲು’ ಅಂದಳು. ಆ ಒಂದು ಮಾತಿನಿಂದಲೇ ಇಡೀ ಪಾಠ ಮಾಡಿದೆ. ‘ಸೂಲಂಗಿ ನರೆಗೂದಲಿನಂತಿದೆ’ ಉಪಮೆ, ‘ಅಂತೆ’ ಇದೆ. ‘ಸೂಲಂಗಿಯೇ ಕಬ್ಬಿನ ನರೆಗೂದಲು’ ರೂಪಕ, ಎರಡೂ ಒಂದಾಗಿವೆ. ‘ಕಬ್ಬಜ್ಜಿ ನರೆತ ತಲೆ ಅಲ್ಲಾಡಿಸುತ್ತಾ ಕಡಿಯುವವರ ದಾರಿ ಕಾಯುತ್ತಾಳೆ’ ಮಾನವೀಕರಣ. ಮೂರಕ್ಕೂ ಒಂದೇ ವಸ್ತು ಇಟ್ಟುಕೊಳ್ಳಿ. ಬೇರೆ ಬೇರೆ ಉದಾಹರಣೆ ಕೊಟ್ಟರೆ ಮಕ್ಕಳಿಗೆ ವ್ಯತ್ಯಾಸ ಹಿಡಿಯುವುದು ಕಷ್ಟ.

ಸಿಹಿಯನ್ನೇ ಬರೆಯಲಿ ಎಂದು ಹಟ ಬೇಡ. 2023ರಲ್ಲಿ ಕನ್ನಂಬಾಡಿ (ಕೆಆರ್‌ಎಸ್ ಅಣೆಕಟ್ಟು) ತುಂಬಲಿಲ್ಲ. ಅಣೆಕಟ್ಟು ತುಂಬಲು ಬೇಕಾದ 124.80 ಅಡಿಯ ಲೆಕ್ಕ ನಮ್ಮ ಮಕ್ಕಳಿಗೆ ಬಾಯಿಪಾಠ, ಮನೆಯಲ್ಲಿ ದಿನಾ ಅದೇ ಮಾತು. ಆಗ ಒಬ್ಬಳು ಬರೆದದ್ದು:

ನಾಲೆ ಬಾಗಿಲು ತೆರೆದೇ ಕೂತಿದ್ದಾಳೆ,
ಮಗಳು ಈ ಸಲ ತವರಿಗೆ ಬರಲಿಲ್ಲ.

ತರಗತಿಯಲ್ಲಿ ಯಾರೂ ಮಾತಾಡಲಿಲ್ಲ. ಇಂಥ ಸಾಲಿನ ಮೇಲೆ ಕೆಂಪು ಪೆನ್ನು ಎಳೆಯಬೇಡಿ. ಬರೆದವಳೇ ಗಟ್ಟಿಯಾಗಿ ಓದಲಿ.

ಲಕ್ಷಣವನ್ನು ಮೂರನೇ ದಿನ ಬರೆಯಿಸಿ. ಪರೀಕ್ಷೆಗೆ ಅದೂ ಬೇಕು. ಉಪಮೇಯ ಯಾವುದು, ಉಪಮಾನ ಯಾವುದು ಎಂದು ಅವರದೇ ಸಾಲುಗಳಲ್ಲಿ ಗೆರೆ ಹಾಕಿಸಿ. ಪುಸ್ತಕದ ಉದಾಹರಣೆ ಅದಾದ ಮೇಲೆ.